ಕಡೆಯ ಫ್ರಾಸ್ಟಿಗೆ ಕಾಯದ ಗಿಡ

ಅಮೆರಿಕದ ಮಿಡ್‌ವೆಸ್ಟ್ ಸೀಮೆಯ ಕೈತೋಟದವರಿಗೆ ಮೇ ತಿಂಗಳ ಎರಡನೆಯ ಭಾನುವಾರ ದೊಡ್ಡ ದಿನ. ಅದು ‘ಮದರ್ಸ್ ಡೇ’. ಅಷ್ಟು ಹೊತ್ತಿಗೆ ರಾತ್ರಿಯ ಫ್ರಾಸ್ಟ್ ಕಾಟ ಮುಗಿದಿರುತ್ತದೆ ಎಂಬುದು ಅಲ್ಲಿನವರ ಹಳೆಯ ನಂಬಿಕೆ. ನರ್ಸರಿಗಳ ಮುಂದೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಟೊಮೇಟೊ, ಬದನೆ, ಮೆಣಸಿನ ಸಸಿಗಳ ಪಕ್ಕದ ಹಲಗೆಯ ಮೇಲೇ ಬ್ರೊಕೊಲಿ ಸಸಿಗಳೂ ಇರುತ್ತವೆ. ಎಲ್ಲವೂ ಒಂದೇ ಕಾರಿನಲ್ಲಿ ಮನೆಗೆ ಬಂದು ಒಂದೇ ಮಧ್ಯಾಹ್ನ ಮಣ್ಣು ಸೇರುತ್ತವೆ. ಟೊಮೇಟೊ ಮಟ್ಟಿಗೆ ಅದು ಒಳ್ಳೆಯ ಮುಹೂರ್ತ. ಬ್ರೊಕೊಲಿಗೆ ಆಗಲೇ ಒಂದು ತಿಂಗಳು ತಡವಾಗಿರುತ್ತದೆ. ಜುಲೈ ಹೊತ್ತಿಗೆ ಗಿಡವೇನೋ ಆಳೆತ್ತರದ ಅರ್ಧ ಬೆಳೆದು ಎಲೆ ಹರಡಿಕೊಂಡಿರುತ್ತದೆ. ನಡುವೆ ನೋಡಿದರೆ ಉಬ್ಬುತಗ್ಗಾದ, ಅಲ್ಲಲ್ಲಿ ಹಳದಿ ಬಿರಿದ, ಬಾಣಲೆಗೆ ಹಾಕಲು ಮನಸ್ಸಾಗದ ಒಂದು ಹೂಗೊಂಚಲು.

ಅಲ್ಲಿನ ಕನ್ನಡದ ಮನೆಗಳ ಹಿತ್ತಲಲ್ಲಿ ಈ ತಪ್ಪು ಆಗುವುದಕ್ಕೆ ಇನ್ನೂ ಒಂದು ಕಾರಣವಿದೆ. ನಮ್ಮವರು ಆಸೆಪಟ್ಟು ಬೆಳೆಯುವುದು ಅವರೆ, ಬೆಂಡೆ, ಹೀರೆ, ಬದನೆ, ಹಸಿಮೆಣಸಿನಕಾಯಿ. ಎಲ್ಲವೂ ಬಿಸಿಲಿನ ಬೆಳೆಗಳು. ಒಂದು ರಾತ್ರಿ ಫ್ರಾಸ್ಟ್ ಬಿದ್ದರೆ ಬೆಳಗ್ಗೆ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬೀಳುತ್ತವೆ. ಹಾಗಾಗಿ ‘ಕಡೆಯ ಫ್ರಾಸ್ಟ್ ಆಗುವವರೆಗೆ ಏನನ್ನೂ ನೆಡಬೇಡ’ ಎಂಬ ಮಾತು ಮನೆಯ ಕಾನೂನಾಗಿಬಿಡುತ್ತದೆ. ಬ್ರೊಕೊಲಿ ಈ ಕಾನೂನಿಗೆ ಸೇರಿದ್ದಲ್ಲ. ಅದಕ್ಕೆ ಸೆಕೆಯ ಭಯ ಹೆಚ್ಚು, ಚಳಿಯ ಭಯ ಕಡಿಮೆ. ಫ್ರಾಸ್ಟಿನ ದಿನಾಂಕ ಅದಕ್ಕೂ ಬೇಕು, ಆದರೆ ಎಣಿಕೆ ಶುರುಮಾಡಲು ಒಂದು ಗುರುತಾಗಿ ಮಾತ್ರ. ಅದನ್ನೇ ಗಡಿ ಎಂದು ತಿಳಿದಲ್ಲಿ ಲೆಕ್ಕ ಕೆಡುತ್ತದೆ.

ಮೊದಲು ಈ ದಿನಾಂಕ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಎಲೆಯ ಮೈ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇಬ್ಬನಿ ನೀರಾಗಿ ಕೂರದೆ ಬಿಳಿಯ ಹರಳಾಗಿ ಕೂರುತ್ತದೆ, ಅದೇ ಫ್ರಾಸ್ಟ್. ಅಮೆರಿಕದ ಹವಾಮಾನ ಸಂಸ್ಥೆಯಾದ ನೋವಾ ಮೂವತ್ತು ವರ್ಷಗಳ ದಾಖಲೆ ಹಿಡಿದು ಪ್ರತಿ ಕೇಂದ್ರಕ್ಕೂ ಕಡೆಯ ವಸಂತದ ಫ್ರಾಸ್ಟ್, ಮೊದಲ ಶರತ್ಕಾಲದ ಫ್ರಾಸ್ಟ್ ಯಾವಾಗ ಎಂದು ಲೆಕ್ಕ ಹಾಕುತ್ತದೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ ಲೆಕ್ಕ. ಬೀಜದ ಕಂಪನಿಗಳ ಕ್ಯಾಲೆಂಡರಿನಲ್ಲಿ ‘ನಿಮ್ಮ ಊರಿನ ಕಡೆಯ ಫ್ರಾಸ್ಟ್ ಏಪ್ರಿಲ್ 25’ ಎಂದು ಒಂದೇ ದಿನ ಅಚ್ಚಾಗಿರುತ್ತದಲ್ಲ, ಅದು ಸಾಮಾನ್ಯವಾಗಿ ಸರಿಮಧ್ಯದ ದಿನ. ಅಂದರೆ ಅರ್ಧದಷ್ಟು ವರ್ಷಗಳಲ್ಲಿ ಅದಾದ ಮೇಲೂ ಫ್ರಾಸ್ಟ್ ಬಿದ್ದಿದೆ. ಅದನ್ನು ಸರ್ಕಾರ ಕೊಟ್ಟ ಭರವಸೆ ಎಂದುಕೊಂಡವರು ಪ್ರತಿ ಎರಡು ವರ್ಷಕ್ಕೊಮ್ಮೆ ಟೊಮೇಟೊ ಸಸಿಗಳನ್ನು ಮತ್ತೆ ಕೊಳ್ಳುತ್ತಾರೆ. ಹತ್ತರಲ್ಲಿ ಒಂಬತ್ತು ವರ್ಷ ಸುರಕ್ಷಿತ ಎನ್ನಬಹುದಾದ ದಿನ ಅದಕ್ಕಿಂತ ಎರಡು ವಾರದಷ್ಟು ಮುಂದಿರುತ್ತದೆ. ಮದರ್ಸ್ ಡೇ ನಂಬಿಕೆ ಷಿಕಾಗೊದಲ್ಲಿ ಅಷ್ಟು ಸರಿಯಾಗಿ ಕೂರುವುದು ಇದೇ ಕಾರಣಕ್ಕೆ.

ನೋವಾ ಪಟ್ಟಿಯಲ್ಲಿ ಬ್ರೊಕೊಲಿ ಬೆಳೆಯುವವರಿಗೆ ನಿಜವಾಗಿ ಬೇಕಾದ ಸಾಲು ಇನ್ನೊಂದಿದೆ. ಅದನ್ನು ಓದುವವರು ಕಡಿಮೆ. ಪಟ್ಟಿ ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ. 36, 32, 28 ಡಿಗ್ರಿ ಫ್ಯಾರನ್‌ಹೀಟ್ ಹೀಗೆ ಇಳಿಯುತ್ತ ಪ್ರತಿ ಮಟ್ಟಕ್ಕೂ ಬೇರೆ ಬೇರೆ ದಿನಾಂಕ ಕೊಡುತ್ತದೆ. 32 ಎಂದರೆ ನಮ್ಮ ಸೊನ್ನೆ. ಟೊಮೇಟೊದವರ ಸಾಲು ಅದು. 28 ಎಂದರೆ ಸೊನ್ನೆಗಿಂತ ಸುಮಾರು ಎರಡು ಡಿಗ್ರಿ ಕೆಳಗೆ. ಗಟ್ಟಿಯಾದ ಬ್ರೊಕೊಲಿ ಸಸಿ ಅದನ್ನು ತಡೆದುಕೊಳ್ಳುತ್ತದೆ. ಈ ಸಾಲಿನ ದಿನಾಂಕ 32ರ ಸಾಲಿಗಿಂತ ಒಂದೂವರೆ ಎರಡು ವಾರ ಮೊದಲೇ ಬರುತ್ತದೆ. ‘ಕಡೆಯ ಫ್ರಾಸ್ಟಿಗೆ ಎರಡು ಮೂರು ವಾರ ಮುಂಚೆ ಬ್ರೊಕೊಲಿ ನೆಡಿ’ ಎಂದು ಎಲ್ಲ ಪುಸ್ತಕಗಳೂ ಹೇಳುವ ಸೂತ್ರದ ಹಿಂದಿರುವುದು ಹೆಚ್ಚುಕಡಿಮೆ ಈ ಎರಡು ಸಾಲುಗಳ ನಡುವಿನ ಅಂತರವೇ. ಸೂತ್ರ ಬಾಯಿಪಾಠ ಮಾಡುವ ಬದಲು ಸಾಲನ್ನೇ ಓದಿಕೊಂಡರೆ ನಿಮ್ಮ ಊರಿಗೆ ಆ ಅಂತರ ಎಷ್ಟು ಎಂಬುದು ನೇರವಾಗಿ ಸಿಗುತ್ತದೆ.

ಬ್ರೊಕೊಲಿ ಎಷ್ಟು ಚಳಿ ತಾಳುತ್ತದೆ? ಅದೂ ಎಲೆಕೋಸು, ಹೂಕೋಸು, ನವಿಲುಕೋಸೂ ಎಲ್ಲ ಒಂದೇ ಪ್ರಭೇದದ ಒಡಹುಟ್ಟುಗಳು. ಮೆಡಿಟರೇನಿಯನ್ ತೀರದ ತಂಪಾದ, ಮಳೆಯ ಚಳಿಗಾಲ ಅವುಗಳ ತವರು. ಮನೆಯೊಳಗೆ ಬೆಚ್ಚಗೆ ಬೆಳೆದ ಸಸಿಯನ್ನು ನೇರ ಹೊರಗೆ ನೆಟ್ಟರೆ ಸೊನ್ನೆಯ ಹತ್ತಿರವೇ ನಲುಗುತ್ತದೆ. ಒಂದು ವಾರ ಹತ್ತು ದಿನ ಹಗಲು ಹೊರಗಿಟ್ಟು, ನೀರು ಸ್ವಲ್ಪ ಬಿಗಿಮಾಡಿ, ಬಿಸಿಲು ಗಾಳಿಗೆ ಒಗ್ಗಿಸಿದ ಸಸಿ ಮೈನಸ್ ಮೂರರ ಸುತ್ತಮುತ್ತಲಿನ ರಾತ್ರಿಯನ್ನೂ ಕಳೆದು ಬೆಳಗಿನ ಬಿಸಿಲಿಗೆ ಎಲೆ ಬಿಚ್ಚುತ್ತದೆ. ಆದರೆ ಕಟ್ಟಿದ ಹೂಗೆಡ್ಡೆ ಎಲೆಯಷ್ಟು ಗಟ್ಟಿಯಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿ ಕರಗಿದರೆ ಮೊಗ್ಗುಗಳು ನೀರು ತುಂಬಿದಂತಾಗಿ ಕೊಳೆಯುತ್ತವೆ. ಎಳೆಯ ಸಸಿಗೆ ಒಂದು ಲೆಕ್ಕ, ಕೊಯ್ಲಿನ ಗಿಡಕ್ಕೆ ಇನ್ನೊಂದು.

ಇನ್ನು ಸೆಕೆ. ಈ ಪ್ರಶ್ನೆಯ ತಿರುಳೆಲ್ಲ ಇರುವುದು ಇಲ್ಲಿ. ಗೆಡ್ಡೆ ಚೆನ್ನಾಗಿ ಕಟ್ಟಲು ದಿನದ ಸರಾಸರಿ ಉಷ್ಣಾಂಶ 15ರಿಂದ 18 ಡಿಗ್ರಿ ಇರಬೇಕು. ನಾವು ತಿನ್ನುವ ಗೆಡ್ಡೆಯ ಒಂದೊಂದು ಕಾಳೂ ಬಿರಿಯದ ಒಂದೊಂದು ಹೂಮೊಗ್ಗು. ಎಲ್ಲವೂ ಒಂದೇ ವೇಗದಲ್ಲಿ ಬಲಿತರೆ ಗೆಡ್ಡೆ ನುಣ್ಣಗೆ ಗುಮ್ಮಟದಂತಿರುತ್ತದೆ. ಸೆಕೆ ಹೆಚ್ಚಿದಾಗ ಕೆಲವು ಮೊಗ್ಗು ನಿಂತುಬಿಡುತ್ತವೆ, ಕೆಲವು ಓಡುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಬ್ಯೋರ್ಕ್‌ಮನ್ ಮತ್ತು ಪಿಯರ್ಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೇಡು ಯಾವ ಘಳಿಗೆಯಲ್ಲಿ ಆಗುತ್ತದೆ ಎಂಬುದನ್ನು ತೋರಿಸಿತು. ಅವರು ಗಿಡಗಳನ್ನು ಬೇರೆ ಬೇರೆ ಹಂತಗಳಲ್ಲಿ ಒಂದು ವಾರ 35 ಡಿಗ್ರಿಯಲ್ಲಿಟ್ಟು ನೋಡಿದರು. ಕಂಡದ್ದೇನೆಂದರೆ, ಎಲೆ ಬಿಡುತ್ತಿದ್ದ ಚಿಗುರುತುದಿ ಹೂವಿನ ಕಡೆಗೆ ತಿರುಗಿಕೊಳ್ಳುವ ಆ ಸಂಧಿಯಲ್ಲೇ ಗಿಡ ಅತಿ ಸೂಕ್ಷ್ಮ. ಆಗ ಹೊರಗಿನಿಂದ ನೋಡಿದರೆ ಗೆಡ್ಡೆಯ ಸುಳಿವೂ ಇರುವುದಿಲ್ಲ, ಬರೀ ಎಲೆ. ಕೊಯ್ಲಿಗೆ ಇನ್ನೂ ಮೂರು ವಾರ ಮೇಲ್ಪಟ್ಟು ಇರುತ್ತದೆ. ಗೆಡ್ಡೆ ಕೆಟ್ಟದ್ದು ಕೊಯ್ಯುವ ವಾರದ ಬಿಸಿಲಿಗೆ ಎಂದು ಬೈದುಕೊಳ್ಳುವ ತೋಟಗಾರನಿಗೆ ನಿಜವಾದ ಅಪರಾಧಿ ತಿಂಗಳ ಹಿಂದೆ ಬಂದುಹೋದ ನಾಲ್ಕು ದಿನದ ಬೇಗೆ ಎಂಬುದು ಗೊತ್ತಾಗುವುದೇ ಇಲ್ಲ. ಹಾಗಾಗಿ ತಂಪು ಬೇಕಾದದ್ದು ಕೊಯ್ಲಿನ ವಾರಕ್ಕಷ್ಟೇ ಅಲ್ಲ, ಅದರ ಹಿಂದಿನ ಒಂದು ತಿಂಗಳಿಗೂ.

ಹಾಗಾದರೆ ಫೆಬ್ರವರಿಯಲ್ಲೇ ನೆಟ್ಟು ಮುಗಿಸಬಾರದೇಕೆ? ಅದಕ್ಕೂ ಗಿಡ ದಂಡ ವಿಧಿಸುತ್ತದೆ. ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದ ಸಸಿಯನ್ನು ಒಂದೆರಡು ವಾರ ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ನಿಲ್ಲಿಸಿದರೆ ಅದು ಚಳಿಗಾಲ ಕಳೆಯಿತೆಂದು ಭಾವಿಸಿ ಅವಸರದಲ್ಲಿ ಹೂ ಬಿಡಲು ಹೊರಡುತ್ತದೆ. ಎಲೆ ಇನ್ನೂ ಏಳೆಂಟು, ಅಷ್ಟರಲ್ಲೇ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಗೆಡ್ಡೆ. ತೋಟಗಾರಿಕೆಯವರು ಇದನ್ನು ‘ಬಟನಿಂಗ್’ ಎನ್ನುತ್ತಾರೆ. ಗಿಡ ಸಾಯುವುದಿಲ್ಲ, ಫ್ರಾಸ್ಟ್ ತಾಗಿದ ಗುರುತೂ ಇರುವುದಿಲ್ಲ. ಬೆಳೆ ಮಾತ್ರ ಹೋದಂತೆಯೇ. ಕುಂಡದಲ್ಲಿ ಬೇರು ಸುತ್ತಿಕೊಂಡು ತಿಂಗಳುಗಟ್ಟಲೆ ಕಾದ ಸಸಿಗೂ, ಸಾರಜನಕ ಸಾಲದ ಮಣ್ಣಿಗೂ ಇದೇ ಫಲ. ನರ್ಸರಿಯಲ್ಲಿ ಎತ್ತರವಾಗಿ, ಕಾಂಡ ಗಟ್ಟಿಯಾಗಿ, ‘ಚೆನ್ನಾಗಿ ಬೆಳೆದಿದೆ’ ಎನಿಸುವ ಬ್ರೊಕೊಲಿ ಸಸಿಯನ್ನು ಬಿಟ್ಟು ಪಕ್ಕದ ನಾಲ್ಕೈದು ಎಲೆಯ ಪುಟ್ಟದನ್ನು ತೆಗೆದುಕೊಳ್ಳಿ ಎನ್ನುವುದು ಇದಕ್ಕೇ. ಎಳೆಯ ಸಸಿಗೆ ಆ ಚಳಿಯ ಸಂಕೇತ ಓದುವಷ್ಟು ಪ್ರಾಯ ಬಂದಿರುವುದಿಲ್ಲ.

ಈಗ ಷಿಕಾಗೊ ಸುತ್ತಮುತ್ತಲಿನ ಒಂದು ಹಿತ್ತಲನ್ನು ತೆಗೆದುಕೊಂಡು ವಸಂತದ ಎಣಿಕೆ ಮಾಡೋಣ. ಕಡೆಯ ಫ್ರಾಸ್ಟ್ ಏಪ್ರಿಲ್ 25ರ ಆಸುಪಾಸು ಎಂದಿಟ್ಟುಕೊಳ್ಳಿ. ಎರಡರಿಂದ ಮೂರು ವಾರ ಹಿಂದೆ ಬಂದರೆ ನಾಟಿ ಏಪ್ರಿಲ್ ಮೊದಲ ಹತ್ತು ದಿನಗಳಲ್ಲಿ. ಸಸಿಗೆ ಐದಾರು ವಾರ ಬೇಕು. ಮನೆಯೊಳಗೆ ದೀಪದಡಿ ಬೀಜ ಹಾಕುವುದು ಫೆಬ್ರವರಿ ಕೊನೆಗೆ. ಹೊರಗೆ ಹಿಮ ಇನ್ನೂ ಕರಗಿರುವುದಿಲ್ಲ. ನಾಟಿಯಾದ ಮೇಲೆ ಅರುವತ್ತು ದಿನಕ್ಕೆ ಬರುವ ತಳಿಯಾದರೆ ಕೊಯ್ಲು ಜೂನ್ ಮೊದಲರ್ಧದಲ್ಲಿ. ತುದಿ ಹೂವಿಗೆ ತಿರುಗುವ ಆ ನಾಜೂಕು ಘಳಿಗೆ ಮೇ ಮಧ್ಯದಲ್ಲಿ ಬರುತ್ತದೆ, ಆಗ ಅಲ್ಲಿನ ಹವೆ ಹೇಳಿ ಮಾಡಿಸಿದಂತಿರುತ್ತದೆ. ಅದೇ ತಳಿಯನ್ನು ಮದರ್ಸ್ ಡೇ ದಿನ ನೆಟ್ಟರೆ ಆ ಘಳಿಗೆ ಜೂನ್ ಮಧ್ಯಕ್ಕೆ, ಕೊಯ್ಲು ಜುಲೈ ಎರಡನೆಯ ವಾರಕ್ಕೆ ತಳ್ಳಲ್ಪಡುತ್ತದೆ. ಅಲ್ಲಿಗೆ ಲೆಕ್ಕ ಮುಗಿಯಿತು. ಬೀಜದ ಪೊಟ್ಟಣದ ಮೇಲಿನ ‘60 ದಿನ’ ಎಂಬುದನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು. ಬ್ರೊಕೊಲಿಯ ಮಟ್ಟಿಗೆ ಆ ಸಂಖ್ಯೆ ಸಾಮಾನ್ಯವಾಗಿ ನಾಟಿಯಿಂದ ಎಣಿಸಿದ್ದು. ನೇರ ಬಿತ್ತಿದರೆ ಇನ್ನೂ ಮೂರು ನಾಲ್ಕು ವಾರ ಸೇರಿಸಬೇಕು. ತಣ್ಣನೆಯ ಏಪ್ರಿಲಿನಲ್ಲಿ ಗಿಡ ಆಮೆಯ ನಡಿಗೆಯಲ್ಲಿರುವುದರಿಂದ ಅರುವತ್ತು ಎಪ್ಪತ್ತಾಗುವುದೂ ಸಹಜ.

ನನ್ನ ಅಭಿಪ್ರಾಯ ಕೇಳಿದರೆ, ಭೂಖಂಡದ ಒಳಭಾಗದಲ್ಲಿರುವವರು ವಸಂತದ ಬ್ರೊಕೊಲಿಯ ಮೇಲೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಡೆನ್ವರಿನಂಥ ಎತ್ತರದ ಊರಿನಲ್ಲಿ ಫ್ರಾಸ್ಟ್ ಮೇ ಮೊದಲ ವಾರದವರೆಗೂ ಕಾಡುತ್ತದೆ, ಜೂನ್ ಬಂತೆಂದರೆ 30 ಡಿಗ್ರಿ ದಾಟುತ್ತದೆ. ನಡುವೆ ಉಳಿಯುವ ಕಿಂಡಿಯಲ್ಲಿ ಒಂದು ಬೆಳೆ ತೂರಿಸುವುದು ಜೂಜು. ಶರತ್ಕಾಲದ ಬೆಳೆಗೆ ಈ ಇಕ್ಕಟ್ಟಿಲ್ಲ. ವಸಂತದಲ್ಲಿ ಗಿಡ ತಂಪಿನಿಂದ ಸೆಕೆಯ ಕಡೆಗೆ ಬೆಳೆಯುತ್ತದೆ. ಶರತ್ತಿನಲ್ಲಿ ಸೆಕೆಯಿಂದ ತಂಪಿನ ಕಡೆಗೆ. ಗೆಡ್ಡೆ ಕಟ್ಟುವ ಹೊತ್ತಿಗೆ ದಿನದಿನಕ್ಕೂ ಹವೆ ಅನುಕೂಲವಾಗುತ್ತ ಹೋಗುತ್ತದೆ, ಕೊಯ್ಯುವುದು ಎರಡು ದಿನ ತಡವಾದರೂ ಹೂ ಬಿರಿಯುವುದಿಲ್ಲ. ಹಗುರವಾದ ಫ್ರಾಸ್ಟ್ ಬಿದ್ದರೆ ಕೋಸಿನ ಕುಲದ ಗಿಡಗಳು ಸಕ್ಕರೆಯನ್ನು ಶೇಖರಿಸಿಕೊಳ್ಳುವುದರಿಂದ ರುಚಿಯೂ ಏರುತ್ತದೆ. ಮೆಸಾಚುಸೆಟ್ಸ್‌ನ ವಾಲ್ಥಮ್ ಸಂಶೋಧನಾ ಕ್ಷೇತ್ರದಲ್ಲಿ 1950ರ ದಶಕದಲ್ಲಿ ಬಂದ ‘ವಾಲ್ಥಮ್ 29’ ತಳಿ ಇಂದಿಗೂ ಬೀಜದ ಪಟ್ಟಿಗಳಲ್ಲಿ ಉಳಿದಿರುವುದು ಶರತ್ಕಾಲದ ಬೆಳೆಯಾಗಿಯೇ.

ಶರತ್ತಿನ ಎಣಿಕೆ ಕೊನೆಯಿಂದ ಹಿಂದಕ್ಕೆ. ಅದೇ ಷಿಕಾಗೊ ಹಿತ್ತಲಿನಲ್ಲಿ ಮೊದಲ ಫ್ರಾಸ್ಟ್ ಅಕ್ಟೋಬರ್ 20ರ ಹೊತ್ತಿಗೆ ಎಂದುಕೊಂಡರೆ, ಎಪ್ಪತ್ತು ದಿನದ ತಳಿಗೆ ಎಪ್ಪತ್ತು ದಿನ ಕಳೆಯಬೇಕು. ಸೆಪ್ಟೆಂಬರಿನಿಂದ ಹಗಲು ಕಿರಿದಾಗುತ್ತ ಗಿಡದ ಬೆಳವಣಿಗೆ ನಿಧಾನವಾಗುತ್ತದೆ, ಅದಕ್ಕಾಗಿ ಇನ್ನೊಂದು ಹದಿನಾಲ್ಕು ದಿನ. ಒಟ್ಟು 84 ದಿನ ಹಿಂದೆ ಹೋದರೆ ನಾಟಿ ಜುಲೈ 28ಕ್ಕೆ, ಬೀಜ ಜೂನ್ ಕೊನೆಯ ವಾರಕ್ಕೆ. ಈ ಹದಿನಾಲ್ಕು ದಿನವನ್ನು ಮರೆಯುವವರೇ ಹೆಚ್ಚು. ನವೆಂಬರಿನಲ್ಲಿ ನಿಂಬೆಗಾತ್ರದ ಗೆಡ್ಡೆಯ ಮುಂದೆ ನಿಂತು ಕಾಯುವವರೂ ಅವರೇ. ಆದರೂ ಇಲ್ಲಿ ಬ್ರೊಕೊಲಿ ಕೊಂಚ ಉದಾರಿ. ಅಕ್ಟೋಬರಿನ ಮೊದಲ ಫ್ರಾಸ್ಟ್ ಟೊಮೇಟೊಗೆ ಅಂತ್ಯ, ಬ್ರೊಕೊಲಿಗೆ ಒಂದು ತಣ್ಣನೆಯ ರಾತ್ರಿ ಅಷ್ಟೇ. ಮೇಲೊಂದು ತೆಳುವಾದ ಹೊದಿಕೆ ಬಟ್ಟೆ ಹಾಸಿದರೆ ನವೆಂಬರ್ ಮೊದಲ ಭಾಗವೂ ಸಿಗುತ್ತದೆ. ಹಾಗಾಗಿ ಎಣಿಕೆಯಲ್ಲಿ ಒಂದು ವಾರ ಆಚೀಚೆಯಾದರೆ ಆಕಾಶವೇನೂ ಬೀಳುವುದಿಲ್ಲ.

ತೊಂದರೆ ಇರುವುದು ಜೂನ್ ಕೊನೆಯಲ್ಲಿ ಸಸಿ ಮಾಡುವುದರಲ್ಲಿ. ನರ್ಸರಿಗಳು ಆ ಹೊತ್ತಿಗೆ ಬ್ರೊಕೊಲಿ ಸಸಿ ಮಾರುವುದನ್ನೇ ನಿಲ್ಲಿಸಿರುತ್ತವೆ. ಬೇಕಾದವರು ತಾವೇ ಬಿತ್ತಿಕೊಳ್ಳಬೇಕು. ಬೀಜ ಮೊಳೆಯಲು ಬಿಸಿಲು ಅಡ್ಡಿಯಲ್ಲ, 25–30 ಡಿಗ್ರಿಯ ಮಣ್ಣಿನಲ್ಲಿ ಅದು ಮೂರು ನಾಲ್ಕು ದಿನಕ್ಕೇ ಏಳುತ್ತದೆ. ಎಳೆಯ ಸಸಿಗೆ ಮಧ್ಯಾಹ್ನದ ನೆರಳು, ನಿಲ್ಲದ ತೇವ ಬೇಕು. ಜೊತೆಗೆ ಬಿಳಿ ಚಿಟ್ಟೆ. ಯುರೋಪಿನಿಂದ 1860ರ ಸುಮಾರಿಗೆ ಕೆನಡಾದ ಕ್ವಿಬೆಕ್‌ಗೆ ಬಂದಿಳಿದ ಕೋಸಿನ ಚಿಟ್ಟೆ ಇಂದು ಉತ್ತರ ಅಮೆರಿಕದ ಎಲ್ಲ ಹಿತ್ತಲುಗಳಲ್ಲೂ ಮೊಟ್ಟೆ ಇಡುತ್ತದೆ. ಅದರ ಹಸಿರು ಹುಳು ಬ್ರೊಕೊಲಿಯ ಬಣ್ಣದಲ್ಲೇ ಇದ್ದು, ಕುದಿಯುವ ನೀರಿಗೆ ಬಿದ್ದಾಗಲೇ ಕಣ್ಣಿಗೆ ಕಾಣುವುದು. ನೆಟ್ಟ ದಿನವೇ ಪರದೆ ಹೊದಿಸುವುದು ಶರತ್ಕಾಲದ ಬೆಳೆಗೆ ಕಡ್ಡಾಯ ಎಂದೇ ಹೇಳಬೇಕು.

ಇಷ್ಟರ ನಡುವೆ ಎಲ್ಲರನ್ನೂ ದಾರಿ ತಪ್ಪಿಸುವ ಒಂದು ನಕ್ಷೆಯಿದೆ. ಅಮೆರಿಕದ ಕೃಷಿ ಇಲಾಖೆಯ ‘ಹಾರ್ಡಿನೆಸ್ ಝೋನ್’ ನಕ್ಷೆ 2012ರ ನಂತರ 2023ರ ನವೆಂಬರಿನಲ್ಲಿ ಹೊಸದಾಗಿ ಬಂತು. ದೇಶದ ಅರ್ಧದಷ್ಟು ಭಾಗ ಅರ್ಧ ಝೋನ್ ಬೆಚ್ಚಗಾಯಿತು ಎಂದು ಸುದ್ದಿಯಾಯಿತು. ‘ನಾನು ಝೋನ್ 6, ಬ್ರೊಕೊಲಿ ಯಾವಾಗ ನೆಡಲಿ?’ ಎಂದು ಕೇಳುವವರಿಗೆ ಲೆಕ್ಕವಿಲ್ಲ. ಆ ನಕ್ಷೆ ಹೇಳುವುದು ಚಳಿಗಾಲದ ಅತಿ ತಣ್ಣನೆಯ ರಾತ್ರಿ ಸರಾಸರಿ ಎಷ್ಟಕ್ಕಿಳಿಯುತ್ತದೆ ಎಂಬ ಒಂದೇ ವಿಷಯವನ್ನು. ಸೇಬಿನ ಮರ, ಗುಲಾಬಿ ಬದುಕುಳಿಯುತ್ತದೆಯೇ ಎಂದು ತಿಳಿಯಲು ಅದು ಬೇಕು. ಒಂದೇ ಬೇಸಿಗೆಯಲ್ಲಿ ಬೆಳೆದು ಮುಗಿಯುವ ತರಕಾರಿಗೆ ಅದರಿಂದ ಉಪಯೋಗವಿಲ್ಲ. ಪೆಸಿಫಿಕ್ ಕರಾವಳಿಯ ಸಿಯಾಟಲ್‌ಗೂ ಟೆಕ್ಸಸ್‌ನ ಡಾಲಸ್‌ಗೂ ಝೋನ್ ಸಂಖ್ಯೆ ಹತ್ತಿರ ಹತ್ತಿರ ಬರುತ್ತದೆ. ಒಂದರಲ್ಲಿ ಜುಲೈ ತಿಂಗಳಲ್ಲೂ ಬ್ರೊಕೊಲಿ ನಡೆದೀತು. ಇನ್ನೊಂದರಲ್ಲಿ ಮೇ ಕೊನೆಗೇ ಬಾಗಿಲು ಮುಚ್ಚುತ್ತದೆ.

ಡಾಲಸ್ ಸುತ್ತ ಈಗ ಕನ್ನಡಿಗರೂ ಬಹಳ. ಅಲ್ಲಿ ಕಡೆಯ ಫ್ರಾಸ್ಟ್ ಮಾರ್ಚ್ ಮಧ್ಯ, ಮೊದಲ ಫ್ರಾಸ್ಟ್ ನವೆಂಬರ್ ಕೊನೆಯ ಭಾಗ. ವಸಂತದ ನಾಟಿ ಫೆಬ್ರವರಿ ಕೊನೆಗೇ ಮುಗಿಯಬೇಕು. 2021ರ ಫೆಬ್ರವರಿ 16ರಂದು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ ದಾಖಲಾಯಿತು. ಅಂಥ ವರ್ಷ ಯಾವ ಪಟ್ಟಿಯೂ ಉಳಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ನೆಟ್ಟ ಬೆಳೆ ಮಾತ್ರ ನವೆಂಬರಿನ ಇಳಿಬಿಸಿಲಿನಲ್ಲಿ ನೆಮ್ಮದಿಯಾಗಿ ಗೆಡ್ಡೆ ಕಟ್ಟುತ್ತದೆ.

ವ್ಯಾಪಾರಕ್ಕೆ ಬೆಳೆಯುವವರು ಈ ಇಕ್ಕಟ್ಟನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡರು. ದಿನಾಂಕ ಹುಡುಕುವ ಬದಲು ಫ್ರಾಸ್ಟೂ ಇಲ್ಲದ ಸೆಕೆಯೂ ಇಲ್ಲದ ಜಾಗವನ್ನೇ ಹುಡುಕಿದರು. ಸಿಸಿಲಿಯ ಮೆಸಿನಾದಿಂದ ವಲಸೆ ಬಂದ ದಾರ್ರಿಗೊ ಸಹೋದರರು 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಬ್ರೊಕೊಲಿ ಬೆಳೆದು ಮಂಜುಗಡ್ಡೆ ತುಂಬಿದ ರೈಲಿನಲ್ಲಿ ಬಾಸ್ಟನ್ನಿಗೆ ಕಳಿಸಿದರು. ಇಂದು ಆ ದೇಶದ ಬ್ರೊಕೊಲಿಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕ್ಯಾಲಿಫೋರ್ನಿಯಾದ್ದು. ಅದರ ಹೃದಯ ಸಲಿನಾಸ್ ಕಣಿವೆ. ಪಕ್ಕದ ಸಮುದ್ರದಲ್ಲಿ ತಣ್ಣೀರು ಮೇಲೆದ್ದು, ಬೇಸಿಗೆಯ ಬೆಳಗುಗಳಲ್ಲಿ ಮಂಜು ಕಣಿವೆಯೊಳಗೆ ನುಗ್ಗುವುದರಿಂದ ಜುಲೈ ಮಧ್ಯಾಹ್ನವೂ 21–22 ಡಿಗ್ರಿಯ ಸುತ್ತ ನಿಲ್ಲುತ್ತದೆ. ಚಳಿಗಾಲದಲ್ಲಿ ಬೇಸಾಯ ದಕ್ಷಿಣದ ಇಂಪೀರಿಯಲ್ ಕಣಿವೆಗೆ, ಅರಿಝೋನಾದ ಯೂಮಾಕ್ಕೆ ಇಳಿಯುತ್ತದೆ. ಪೂರ್ವ ಕರಾವಳಿಯವರು ಮೂರು ಸಾವಿರ ಮೈಲಿ ಆಚೆಯ ಗೆಡ್ಡೆ ತಿನ್ನುವುದು ಬೇಡ ಎಂದು 2010ರಲ್ಲಿ ಕಾರ್ನೆಲ್ ನೇತೃತ್ವದಲ್ಲಿ ಒಂದು ಯೋಜನೆ ಶುರುವಾಯಿತು. ದಕ್ಷಿಣ ಕೆರೊಲೈನಾದ ಚಾರ್ಲ್ಸ್‌ಟನ್‌ನಲ್ಲಿ ಕೃಷಿ ಇಲಾಖೆಯ ಮಾರ್ಕ್ ಫಾರ್ನಮ್ ಬೆಚ್ಚನೆಯ ರಾತ್ರಿ ತಾಳುವ ತಳಿಗಳಿಗಾಗಿ ವರ್ಷಗಟ್ಟಲೆ ದುಡಿದಿದ್ದಾರೆ. ಗಮನಿಸಿ, ಅವರು ಹುಡುಕಿದ್ದು ಫ್ರಾಸ್ಟ್ ತಾಳುವ ತಳಿಯನ್ನಲ್ಲ.

ಬ್ರಿಟನ್ನಿನಲ್ಲಿ ಈ ಚರ್ಚೆ ಅರ್ಧಕ್ಕರ್ಧ ಅನವಶ್ಯಕ. ಬೇಸಿಗೆ ಅಲ್ಲಿ ಹದವಾಗಿರುವುದರಿಂದ ಹಸಿರು ಬ್ರೊಕೊಲಿಯನ್ನು ಮಾರ್ಚಿನಿಂದ ಜುಲೈವರೆಗೂ ಕಂತುಕಂತಾಗಿ ಬಿತ್ತುತ್ತಾರೆ. ಅಲ್ಲಿನವರ ಹೆಮ್ಮೆಯ ನೇರಳೆ ಕವಲಿನ ಬ್ರೊಕೊಲಿಯದು ಬೇರೆಯೇ ದಾರಿ: ವಸಂತದಲ್ಲಿ ಬಿತ್ತಿದ್ದು ಫ್ರಾಸ್ಟನ್ನೆಲ್ಲ ಮೈಮೇಲೆ ಹೊತ್ತು ಚಳಿಗಾಲ ಕಳೆದು, ಮುಂದಿನ ಫೆಬ್ರವರಿ–ಏಪ್ರಿಲಿನಲ್ಲಿ, ಮಾರುಕಟ್ಟೆಯಲ್ಲಿ ಬೇರೆ ಸೊಪ್ಪು ತರಕಾರಿ ಕಡಿಮೆಯಿರುವಾಗ ಕೊಯ್ಲಿಗೆ ಬರುತ್ತದೆ. ಆ ಗಿಡಕ್ಕೆ ಚಳಿ ಬೀಳದಿದ್ದರೆ ಹೂವೇ ಕಟ್ಟುವುದಿಲ್ಲ.

ಪಟ್ಟಿಗಳಿಲ್ಲದ ಕಾಲದಲ್ಲಿ ಜನ ಹೇಗೆ ನೆಡುತ್ತಿದ್ದರು? ಜರ್ಮನ್ ನಾಡಿನಲ್ಲಿ ಮೇ 11ರಿಂದ 15ರವರೆಗಿನ ‘ಹಿಮಸಂತರ’ ದಿನಗಳಿವೆ. ಮಾಮೆರ್ಟುಸ್‌ನಿಂದ ತೊಡಗಿ ‘ತಣ್ಣನೆಯ ಸೋಫಿ’ ದಾಟುವವರೆಗೆ ನಾಜೂಕು ಸಸಿ ಹೊರಗಿಡಬಾರದು. 1582ರಲ್ಲಿ ಕ್ಯಾಲೆಂಡರ್ ಹತ್ತು ದಿನ ಜಿಗಿದರೂ ಸಂತರು ಮಾತ್ರ ತಮ್ಮ ತಾರೀಖು ಬಿಟ್ಟು ಕದಲಲಿಲ್ಲ ಎಂಬುದು ಒಂದು ತಮಾಷೆ. ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎಂದ ನಮ್ಮ ರೈತರ ಮಳೆನಕ್ಷತ್ರಗಳೂ ಸೂರ್ಯನ ನಡೆಗೆ ಕಟ್ಟಿದ ಇಂಥದೇ ಸರಾಸರಿಗಳು. ಇದಕ್ಕಿಂತ ಸೂಕ್ಷ್ಮವಾದದ್ದು ಗಿಡವನ್ನು ನೋಡಿ ಗಿಡ ನೆಡುವ ಪದ್ಧತಿ. ಅಮೆರಿಕದ ಹಳ್ಳಿಗರು ಲೈಲಾಕ್ ಪೊದೆ ಎಲೆ ಬಿಟ್ಟಾಗ ಕೋಸಿನ ಜಾತಿಯವನ್ನೂ, ಅದು ತುಂಬ ಹೂ ಬಿಟ್ಟು ಮುಗಿದ ಮೇಲೆ ಬಿಸಿಲಿನ ಬೆಳೆಗಳನ್ನೂ ನೆಡುತ್ತಿದ್ದರು. 1956ರಲ್ಲಿ ಮಾಂಟಾನಾದಲ್ಲಿ ಜೋಸೆಫ್ ಕ್ಯಾಪ್ರಿಯೊ ಆರಂಭಿಸಿದ ಲೈಲಾಕ್ ದಾಖಲೆಯ ಜಾಲ ಈ ತಿಳಿವಳಿಕೆಗೆ ವಿಜ್ಞಾನದ ಪುಸ್ತಕದಲ್ಲಿ ಜಾಗ ಕೊಟ್ಟಿತು. ಪೊದೆ ನಿಮ್ಮ ಹಿತ್ತಲಿನ ಈ ವರ್ಷದ ಹವೆ ಹೇಳುತ್ತದೆ, ಪಟ್ಟಿ ಹೇಳುವುದು ವಿಮಾನ ನಿಲ್ದಾಣದ ಮೂವತ್ತು ವರ್ಷದ ಸರಾಸರಿ.

ಆ ಸರಾಸರಿಯೂ ಜಾರುತ್ತಿದೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಹೋಲಿಸಿದರೆ ಅಮೆರಿಕದಲ್ಲಿ ಫ್ರಾಸ್ಟ್ ಇಲ್ಲದ ಅವಧಿ ಸುಮಾರು ಎರಡು ವಾರ ಉದ್ದವಾಗಿದೆ. ತೋಟಗಾರರಿಗೆ ಇದು ಲಾಭ ಎನ್ನುವುದು ಟೊಮೇಟೊದವರ ಮಾತು. ಬ್ರೊಕೊಲಿಗೆ ವಸಂತದಲ್ಲಿ ಫ್ರಾಸ್ಟ್ ಒಂದು ವಾರ ಬೇಗ ಹೋಗಿ, ಬೇಗೆಯೂ ಬೇಗ ಬಂದರೆ ಸಿಕ್ಕಿದ್ದೇನು? ಲಾಭವಾದರೆ ಶರತ್ತಿನ ಕಡೆಯೇ. ಬೆಚ್ಚನೆಯ ಮಾರ್ಚ್ ನಂಬಿಸಿ ಕೈಕೊಡುವುದೂ ಉಂಟು. 2007ರ ಈಸ್ಟರ್ ವಾರದಲ್ಲಿ, ಬಿಸಿಲಿನ ಮಾರ್ಚ್ ಮುಗಿದ ಬೆನ್ನಿಗೇ ಮಧ್ಯ ಮತ್ತು ಪೂರ್ವ ಅಮೆರಿಕದ ಮೇಲೆ ಇಳಿದ ಶೀತಗಾಳಿ ಚಿಗುರಿದ್ದ ಗೋಧಿ, ಹಣ್ಣಿನ ತೋಟಗಳನ್ನೆಲ್ಲ ಸುಟ್ಟುಹಾಕಿತು.

ಊರಿಗೊಂದು ದಿನಾಂಕ ಎಂಬುದೂ ಪೂರ್ತಿ ನಿಜವಲ್ಲ. ತಣ್ಣನೆಯ ಗಾಳಿ ಭಾರ. ಇಳಿಜಾರಿನಲ್ಲಿ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹವಾಮಾನ ಕೇಂದ್ರದ ಉಷ್ಣಮಾಪಕ ಇರುವುದು ನೆಲದಿಂದ ಐದಡಿ ಎತ್ತರದಲ್ಲಿ. ಅದು ಎರಡು ಡಿಗ್ರಿ ತೋರಿಸುತ್ತಿರುವಾಗ ಮಡಿಯಲ್ಲಿನ ಎಲೆ ಸೊನ್ನೆಯ ಕೆಳಗಿರಬಹುದು. ಇದನ್ನು ಕಣ್ಣಾರೆ ನೋಡಬೇಕಾದರೆ ಷಿಕಾಗೊವರೆಗೆ ಹೋಗಬೇಕಿಲ್ಲ, ಗುಂಡ್ಲುಪೇಟೆಯ ಆಚೆ ಘಟ್ಟ ಹತ್ತಿದರೆ ಸಾಕು. 2,240 ಮೀಟರ್ ಎತ್ತರದ ಊಟಿಯಲ್ಲಿ ಹಿಂಗಾರು ಮಳೆ ನಿಂತು ಆಕಾಶ ತೊಳೆದಂತಾದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯವರೆಗೆ, ತಲೈಕುಂದಾದ ತಗ್ಗು, ರೇಸ್‌ಕೋರ್ಸಿನ ಬಯಲು ಬೆಳಗ್ಗೆ ಸುಣ್ಣ ಚೆಲ್ಲಿದಂತಿರುತ್ತವೆ. ಅಲ್ಲೇ ಮೇಲಿನ ಇಳಿಜಾರಿನಲ್ಲಿ ಹುಲ್ಲು ಹಸಿರಾಗಿರುತ್ತದೆ. ಮೈಸೂರು ಸೀಮೆಯಿಂದ ಹೋದವರೆಂದು ಹೇಳಲಾಗುವ, ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಬಡಗರು ಆಲೂಗೆಡ್ಡೆ, ಕ್ಯಾರೆಟ್, ಕೋಸು ಬೆಳೆಯುವ ಮಣ್ಣು ಅದು. ಬಿಸಿಲೇರುವ ಮುನ್ನ ಎಲೆಗಳ ಮೇಲೆ ನೀರು ಚಿಮುಕಿಸಿ ಹರಳು ಕರಗಿಸುವ ರೂಢಿ ಅಲ್ಲಿದೆ. ಫ್ರಾಸ್ಟಿನ ಲೆಕ್ಕದಲ್ಲಿ ಯಾವ ಹೊಲ ತಗ್ಗಿನದು ಎಂಬುದೇ ತಾರೀಖಿಗಿಂತ ಮೊದಲ ಪ್ರಶ್ನೆ.

ಘಟ್ಟ ಇಳಿದರೆ ಕರ್ನಾಟಕದ ಬಯಲಿನಲ್ಲಿ ಫ್ರಾಸ್ಟೇ ಇಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ. ವಿದೇಶದ ಬೀಜದ ಪೊಟ್ಟಣದ ಹಿಂದಿನ ‘ಕಡೆಯ ಫ್ರಾಸ್ಟಿಗೆ ಇಷ್ಟು ವಾರ ಮುಂಚೆ’ ಎಂಬ ಸೂಚನೆ ಓದಿ ಇಲ್ಲಿನ ತಾರಸಿ ತೋಟದವರು ತಬ್ಬಿಬ್ಬಾಗುವುದು ಸಹಜ. ಫ್ರಾಸ್ಟ್ ತೆಗೆದುಹಾಕಿದ ಮೇಲೂ ಲೆಕ್ಕದ ಉಳಿದರ್ಧ ಹಾಗೇ ನಿಲ್ಲುತ್ತದೆ: ಸೆಕೆ ಮರಳುವ ದಿನದಿಂದ ಹಿಂದಕ್ಕೆ ಎಣಿಸುವುದು. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಪ್ರೋಟ್ರೇ ಸಸಿ ಮಾಡಿ ಕೊಡುವ ನರ್ಸರಿಗಳಿರುವುದರಿಂದ, ಹೈಬ್ರಿಡ್ ತಳಿಗಳ ಬಲದಿಂದ ಬೆಳೆಗಾರರು ಅವಧಿಯನ್ನು ಆಚೀಚೆ ಎಳೆಯುತ್ತಾರೆ. ಆದರೂ ಒಳ್ಳೆಯ ಗೆಡ್ಡೆ ಬರುವುದು ನವೆಂಬರಿನಿಂದ ಜನವರಿಯ ಹವೆಯಲ್ಲೇ. ಕುಲ್ಲು ಕಣಿವೆಯ ಕಟ್ರಾಯಿನಲ್ಲಿ ರೂಪುಗೊಂಡ ‘ಪೂಸಾ ಕೆಟಿಎಸ್-1’, ಪಾಲಂಪುರದ ‘ಪಾಲಂ ಸಮೃದ್ಧಿ’ ನಮ್ಮ ದೇಶದ್ದೇ ತಳಿಗಳಾದರೂ ಹುಟ್ಟಿದ್ದು ಹಿಮಾಚಲದ ತಂಪಿನಲ್ಲಿ ಎಂಬುದನ್ನು ಬೀಜ ಕೊಳ್ಳುವಾಗ ನೆನಪಿಡಬೇಕು. ಕಲಬುರಗಿಯಂಥ ಊರಿನಲ್ಲಿ ಫೆಬ್ರವರಿ ಮಧ್ಯಕ್ಕೇ ಹಗಲು ಸುಡತೊಡಗುತ್ತದೆ. ಅಲ್ಲಿಂದ ಎಪ್ಪತ್ತು ದಿನ ಹಿಂದೆ ಬಂದರೆ ಡಿಸೆಂಬರ್ ಮೊದಲ ವಾರ. ಸಸಿಗೆ ನಾಲ್ಕು ವಾರ ಸೇರಿಸಿದರೆ ನವೆಂಬರ್ 10ರೊಳಗೆ ಬೀಜ ಟ್ರೇ ಸೇರಿರಬೇಕು. ಇದು ತೀರ ಕಡೆಯ ಗಡುವು. ಅಕ್ಟೋಬರ್ ಮೊದಲ ವಾರ ಬಿತ್ತಿ ತಿಂಗಳ ಕೊನೆಯೊಳಗೆ ನಾಟಿ ಮುಗಿಸಿದವರಿಗೆ ಮುಖ್ಯ ಗೆಡ್ಡೆ ಜನವರಿ ಮೊದಲ ಭಾಗದಲ್ಲಿ ಸಿಕ್ಕು, ಅದನ್ನು ಕೊಯ್ದ ಮೇಲೆ ಪಕ್ಕದ ಕಂಕುಳಲ್ಲಿ ಒಡೆಯುವ ಕಿರುಗೆಡ್ಡೆಗಳಿಗೂ ಇನ್ನೊಂದು ತಿಂಗಳ ತಂಪು ಉಳಿದಿರುತ್ತದೆ.